ಧ್ಯಾನಕ್ಕೆ ಅಂಕ ಕೊಡುವ ಯಂತ್ರಗಳು

ಮಾನ್ಯ ಸಂಪಾದಕರೆ,

ಮೊಬೈಲು ಮತ್ತು ಅಧ್ಯಾತ್ಮದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಎರಡೇ ಬಗೆಯವು. ಫೋನು ಬಂದು ಏಕಾಗ್ರತೆ ಹಾಳಾಯಿತು ಎಂಬ ಗೋಳು ಒಂದು; ಪ್ರವಚನ, ಪಾರಾಯಣ, ಧ್ಯಾನವೆಲ್ಲ ಅಂಗೈಯಲ್ಲೇ ಸಿಗುತ್ತದೆ ಎಂಬ ಸಂಭ್ರಮ ಇನ್ನೊಂದು. ಎರಡರಲ್ಲೂ ಪರದೆಯ ಮೇಲೆ ಏನು ಕಾಣುತ್ತದೆ ಎಂಬುದೇ ಮಾತು. ಪರದೆಯ ಹಿಂದೆ ಏನನ್ನು ಅಳೆಯುತ್ತಾರೆ, ಆ ಅಳತೆ ತಿರುಗಿ ನಮ್ಮನ್ನೇ ಹೇಗೆ ತಿದ್ದುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಸಂವೇದಕ (ಸೆನ್ಸರ್) ಮತ್ತು ತಂತ್ರಾಂಶದ ಕೆಲಸ ಬಲ್ಲ, ಧ್ಯಾನದ ಅಭ್ಯಾಸವೂ ಇರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ವಿಷಯ ಬಿಡಿಸಿ ಹೇಳಬೇಕಾದ್ದರಿಂದ ಪತ್ರ ಉದ್ದವಾಗಿದೆ, ಮನ್ನಿಸಿ.

ಮೊದಲು ಮಣಿಕಟ್ಟಿಗೆ ಕಟ್ಟುವ ಬ್ಯಾಂಡು, ವಾಚುಗಳ ವಿಚಾರ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಎದ್ದರೆ ‘ನಿಮ್ಮ ಶಾಂತಿ 78’ ಎಂಬಂಥ ಅಂಕವೊಂದು ಕಾಣಿಸಿಕೊಳ್ಳುತ್ತದೆ. ಅದು ಹುಟ್ಟುವ ಬಗೆ ಹೀಗೆ: ವಾಚಿನ ಅಡಿಭಾಗದಲ್ಲಿ ಹಸಿರು ದೀಪಗಳಿರುತ್ತವೆ, ಪಕ್ಕದಲ್ಲೇ ಬೆಳಕನ್ನು ಗ್ರಹಿಸುವ ಸಂವೇದಕ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಚರ್ಮದ ಕೆಳಗೆ ರಕ್ತ ಹೆಚ್ಚಾಗಿ, ವಾಪಸು ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತದಿಂದ ಒಂದು ಬಡಿತಕ್ಕೂ ಮುಂದಿನದಕ್ಕೂ ಎಷ್ಟು ಮಿಲಿಸೆಕೆಂಡು ಅಂತರ ಎಂದು ಲೆಕ್ಕ ಹಾಕುತ್ತಾರೆ. ನಿಮಿಷಕ್ಕೆ 60 ಬಡಿತ ಎಂದರೆ ಪ್ರತಿ ಅಂತರವೂ ಸರಿಯಾಗಿ 1000 ಮಿಲಿಸೆಕೆಂಡು ಎಂದಲ್ಲ. 980, 1020, 990, 1030 ಹೀಗೆ ಹಿಂದುಮುಂದಾಗುತ್ತದೆ. ಪಕ್ಕಪಕ್ಕದ ಅಂತರಗಳ ವ್ಯತ್ಯಾಸ 40, 30, 40. ಇವುಗಳ ವರ್ಗಗಳನ್ನು ಕೂಡಿ, ಮೂರರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 37. ಹೃದಯ ಬಡಿತದ ವ್ಯತ್ಯಯ ಎಂದು ಕರೆಯುವ ಅಳತೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಕಂಪನಿಗಳು ಇದಕ್ಕೆ ತಮ್ಮದೇ ಸೂತ್ರ ಸೇರಿಸಿ ನೂರಕ್ಕೆ ಇಷ್ಟು ಎಂದು ತೋರಿಸುತ್ತವೆ. ಆ ಸೂತ್ರವನ್ನು ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ.

ಈ ವ್ಯತ್ಯಯ ನಿಜವಾದ ದೈಹಿಕ ಸಂಗತಿ. ತೊಂದರೆ ಇರುವುದು ಅದಕ್ಕೆ ‘ಶಾಂತಿ’ ಎಂದು ಹೆಸರಿಡುವಲ್ಲಿ. ಉಸಿರು ಒಳಗೆಳೆದಾಗ ಹೃದಯ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ನಿಮಿಷಕ್ಕೆ ಸುಮಾರು 6 ಉಸಿರಿನ ವೇಗದಲ್ಲಿ, ಅಂದರೆ 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ ಎಂದು ಉಸಿರಾಡಿದರೆ, ಈ ಏರಿಳಿತ ಬಹುತೇಕ ಜನರಲ್ಲಿ ಗರಿಷ್ಠಕ್ಕೆ ಹೋಗುತ್ತದೆ. ಮನಸ್ಸು ಎಲ್ಲಿದ್ದರೂ ಸರಿ. ಯಾರು ಬೇಕಾದರೂ ಪರೀಕ್ಷಿಸಬಹುದು: ಐದು ನಿಮಿಷ ಸಹಜವಾಗಿ ಉಸಿರಾಡುತ್ತ ಕೂತು ಅಂಕ ಬರೆದುಕೊಳ್ಳಿ. ಆಮೇಲೆ ಅದೇ ಭಂಗಿಯಲ್ಲಿ, 4 ಮತ್ತು 6 ಸೆಕೆಂಡಿನ ಲೆಕ್ಕದಲ್ಲಿ ಉಸಿರಾಡುತ್ತ, ಮನಸ್ಸಿನಲ್ಲಿ ತಿಂಗಳ ಖರ್ಚನ್ನು ಕೂಡಿ ಕಳೆಯಿರಿ. ಹೆಚ್ಚಿನವರಿಗೆ ಎರಡನೆಯ ಅಂಕವೇ ಮೇಲಿರುತ್ತದೆ. ನಿಧಾನ ಉಸಿರಾಟ ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಅಂಕ ಏರಿಸುವ ಸುಲಭದ ದಾರಿ ದೇಹಕ್ಕೆ ಒಮ್ಮೆ ತಿಳಿದ ಮೇಲೆ ಕೂತವರು ತಮಗರಿವಿಲ್ಲದೆ ಅಂಕಕ್ಕಾಗಿಯೇ ಉಸಿರಾಡತೊಡಗುತ್ತಾರೆ. ಉಸಿರನ್ನು ತಿದ್ದದೆ ಸುಮ್ಮನೆ ಗಮನಿಸಬೇಕು ಎನ್ನುವ ಪದ್ಧತಿಗಳಿವೆ. ಅವುಗಳಿಗೆ ಇದು ನೇರ ವಿರುದ್ಧ. ಆ ಪದ್ಧತಿಯಲ್ಲಿ ಚೆನ್ನಾಗಿ ಕೂತವರಿಗೆ ಬ್ಯಾಂಡು ಕಡಿಮೆ ಅಂಕ ಕೊಡುವ ಸಂಭವವೂ ಉಂಟು.

ಅಳತೆಯೇ ತಪ್ಪುವುದೂ ಇದೆ. ಪಟ್ಟಿ ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಬೆರಳು ಆಡಿಸಿದರೆ, ಚರ್ಮದ ಮೇಲೆ ದಟ್ಟ ಹಚ್ಚೆ ಇದ್ದರೆ ಬಡಿತ ತಪ್ಪಿಹೋಗುತ್ತದೆ. ಒಂದೇ ಒಂದು ಬಡಿತ ತಪ್ಪಿದರೂ ಏನಾಗುತ್ತದೆ ನೋಡಿ. ಎರಡು ಅಂತರಗಳು ಕೂಡಿ 2000 ಮಿಲಿಸೆಕೆಂಡಿನ ಒಂದು ಅಂತರವಾಗುತ್ತದೆ. ಅದರ ಹಿಂದೊಂದು ಮುಂದೊಂದು ಎಂದು ಸುಮಾರು 1000ದ ಎರಡು ವ್ಯತ್ಯಾಸಗಳು ಲೆಕ್ಕಕ್ಕೆ ಸೇರುತ್ತವೆ. ಒಂದು ನಿಮಿಷದ ಅಳತೆಯಲ್ಲಿ 37 ಇದ್ದದ್ದು ಇದರಿಂದ 190ರ ಹತ್ತಿರಕ್ಕೆ ಜಿಗಿಯುತ್ತದೆ. ಒಳ್ಳೆಯ ತಂತ್ರಾಂಶ ಇಂಥ ಅಂತರವನ್ನು ಗುರುತಿಸಿ ಬಿಟ್ಟುಬಿಡುತ್ತದೆ, ಅಗ್ಗದ್ದು ಬಿಡುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಗಲ ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ, ಕೈಯನ್ನು ತೊಡೆಯ ಮೇಲೆ ಇಟ್ಟು ಅಳೆಯಬೇಕು. ಒಂದು ದಿನದ ಅಂಕಕ್ಕೆ ಬೆಲೆ ಕೊಡಬಾರದು. ದಿನವೂ ಒಂದೇ ಹೊತ್ತು, ಒಂದೇ ಭಂಗಿ, ವಾರದ ಸರಾಸರಿ. ಹೋಲಿಕೆಯೂ ತನ್ನ ಹಿಂದಿನ ವಾರದ ಜೊತೆ ಮಾತ್ರ. ಈ ಸಂಖ್ಯೆ ವಯಸ್ಸಿನೊಂದಿಗೆ ಇಳಿಯುತ್ತದೆ, ನಿದ್ದೆಗೆಟ್ಟರೆ, ಜ್ವರ ಬಂದರೆ, ಹೊಟ್ಟೆ ತುಂಬ ಉಂಡರೆ ಬದಲಾಗುತ್ತದೆ. ಇಬ್ಬರ ಅಂಕಗಳನ್ನು ಹೋಲಿಸಿ ‘ಇವರ ಸಾಧನೆ ಮುಂದುವರಿದಿದೆ’ ಎನ್ನುವುದು ಅರ್ಥವಿಲ್ಲದ ಮಾತು.

ಹಣೆಗೆ ಕಟ್ಟಿಕೊಳ್ಳುವ ಮಿದುಳು ತರಂಗದ ಪಟ್ಟಿಗಳ ಕಥೆ ಇನ್ನೂ ಸೂಕ್ಷ್ಮ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಏರಿಳಿತವನ್ನು ತಲೆಯ ಹೊರಗಿನಿಂದಲೇ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ 8ರಿಂದ 12 ಬಾರಿ ಏರಿಳಿಯುವ ಆಲ್ಫಾ ಅಲೆ ಕಣ್ಣು ಮುಚ್ಚಿದೊಡನೆ ಹೆಚ್ಚುತ್ತದೆ, ತೆರೆದರೆ ಕುಗ್ಗುತ್ತದೆ ಎಂಬುದು ಆಗಿನಿಂದಲೂ ಗೊತ್ತಿರುವ ವಿಷಯ. ಅಂದಮೇಲೆ ಆಲ್ಫಾ ಹೆಚ್ಚಾದದ್ದನ್ನೇ ‘ಧ್ಯಾನಸ್ಥ ಸ್ಥಿತಿ’ ಎಂದು ತೋರಿಸುವ ಆ್ಯಪ್, ಕಣ್ಣು ಮುಚ್ಚಿದ್ದಕ್ಕೇ ಶಹಬ್ಬಾಸ್ ಹೇಳುತ್ತಿರಬಹುದು. ಆಲ್ಫಾ ಬಲವಾಗಿ ಕಾಣುವುದು ತಲೆಯ ಹಿಂಭಾಗದಲ್ಲಿ; ಅಲ್ಲಿ ಕೂದಲು ಅಡ್ಡ ಬರುವುದರಿಂದ ಮನೆಬಳಕೆಯ ಪಟ್ಟಿಗಳು ಹಣೆ ಮತ್ತು ಕಿವಿಯ ಹಿಂದೆ ಸಂವೇದಕ ಇಡುತ್ತವೆ. ಮಿದುಳಿನಿಂದ ಬರುವ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟಿನಷ್ಟು ಸಣ್ಣದು. ಕಣ್ಣು ಮಿಟುಕಿಸಿದರೆ, ಹುಬ್ಬು ಗಂಟಿಕ್ಕಿದರೆ, ದವಡೆ ಬಿಗಿದರೆ ಸ್ನಾಯುಗಳಿಂದ ಬರುವ ಸಂಕೇತ ಅದನ್ನು ಮುಳುಗಿಸಿಬಿಡುತ್ತದೆ. ಪಟ್ಟಿ ಕಟ್ಟಿಕೊಂಡು ಹಲ್ಲು ಕಚ್ಚಿ ಹಿಡಿದು ಗ್ರಾಫ್ ನೋಡಿದರೆ ಇದು ತಕ್ಷಣ ಅರ್ಥವಾಗುತ್ತದೆ. ಇನ್ನೊಂದು ಪರೀಕ್ಷೆ: ಕಣ್ಣು ಮುಚ್ಚಿ, ಮುಖ ಸಡಿಲ ಬಿಟ್ಟು, 1000ದಿಂದ ಏಳೇಳನ್ನು ಕಳೆಯುತ್ತ ಹೋಗಿ. ‘ಶಾಂತ’ ಎಂದು ತೋರಿಸಿದರೆ ಆ ಯಂತ್ರ ನಿಮ್ಮ ಮುಖದ ಸ್ನಾಯು ಮತ್ತು ರೆಪ್ಪೆಗಳನ್ನೇ ಓದುತ್ತಿದೆ ಎಂದು ತಿಳಿಯಿರಿ.

ತೂಕಡಿಕೆಯದು ಬೇರೆಯೇ ಪಾಡು. ನಿದ್ದೆ ಹತ್ತುವಾಗ ಆಲ್ಫಾ ಇಳಿದು, ಸೆಕೆಂಡಿಗೆ 4ರಿಂದ 8ರ ಥೀಟಾ ಅಲೆ ಏರುತ್ತದೆ. ಥೀಟಾವನ್ನು ‘ಆಳ’ ಎಂದು ಎಣಿಸುವ ಆ್ಯಪ್‌ನಲ್ಲಿ ಊಟವಾದ ಮೇಲೆ ಕೂತು ಜೋಂಪು ಹತ್ತಿದವರೇ ಮಹಾಯೋಗಿಗಳು!

ಹೀಗೆಂದು ಧ್ಯಾನದ ಮಿದುಳು ಸಂಶೋಧನೆಯೇ ಪೊಳ್ಳು ಎನ್ನಲಾಗದು. 2004ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ 8 ಮಂದಿ ಬೌದ್ಧ ಸಾಧಕರಿದ್ದರು. ಅವರು 10,000ದಿಂದ 50,000 ಗಂಟೆ ಧ್ಯಾನ ಮಾಡಿದ್ದವರು. ತಲೆಗೆ ಹಾಕಿದ್ದು 128 ಸಂವೇದಕಗಳ ಬಲೆ. ಅಷ್ಟಿದ್ದೂ ಅಲ್ಲಿ ಕಂಡ ವೇಗದ ಗಾಮಾ ಅಲೆಗಳಲ್ಲಿ ಸ್ನಾಯುವಿನ ಪಾಲೆಷ್ಟು ಎಂಬ ಚರ್ಚೆ ಆಮೇಲೂ ನಡೆಯಿತು. ನಾಲ್ಕಾರು ಒಣ ಸಂವೇದಕಗಳ ಪಟ್ಟಿ ಹತ್ತು ನಿಮಿಷದಲ್ಲಿ ಕೊಡುವ ಅಂಕವನ್ನು ಎಷ್ಟು ನಂಬಬೇಕು ಎಂಬುದನ್ನು ಓದುಗರೇ ಅಂದಾಜು ಮಾಡಲಿ. ಪಟ್ಟಿ ಬಳಸಲೇಬೇಕೆಂದಿದ್ದರೆ ಹಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೂದಲೆಳೆ ಸಿಕ್ಕದಂತೆ ಕಟ್ಟಿ, ಕೂರುವಾಗ ಸದ್ದಿನ ಸೂಚನೆ ಆರಿಸಿಡುವುದು ಮೇಲು. ಮನಸ್ಸು ಶಾಂತವಾದರೆ ಹಕ್ಕಿಯ ದನಿ ಕೇಳಿಸುತ್ತದೆ ಎಂದು ಹೇಳಿಬಿಟ್ಟರೆ ಮನಸ್ಸು ಹಕ್ಕಿಗಾಗಿ ಕಾಯುತ್ತ ಕೂರುತ್ತದೆ. ದನಿ ಕೇಳಿದೊಡನೆ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ದನಿ ನಿಲ್ಲುತ್ತದೆ.

ಸಂವೇದಕವೇ ಇಲ್ಲದ ಅಂಕಗಳೂ ಇವೆ. ‘ಸತತ 41 ದಿನ’ ಎಂದು ತೋರಿಸುವ ಸ್ಟ್ರೀಕ್ ಅವುಗಳಲ್ಲಿ ಮುಖ್ಯ. ಗಳಿಕೆಯ ಸಂತೋಷಕ್ಕಿಂತ ಕಳೆದುಕೊಳ್ಳುವ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. ಸ್ಟ್ರೀಕ್ ನಿಂತಿರುವುದು ಅದರ ಮೇಲೆ. ಮೊದಲ ಎರಡು ಮೂರು ವಾರ ಇದು ನಿಜಕ್ಕೂ ಉಪಕಾರಿ, ಕೂರುವ ಅಭ್ಯಾಸ ಹತ್ತುತ್ತದೆ. ಅಲ್ಲಿಂದ ಮುಂದೆ ಕೆಡತೊಡಗುತ್ತದೆ. ರಾತ್ರಿ 11.55ಕ್ಕೆ ನೆನಪಾಗಿ ಒಂದು ನಿಮಿಷದ ಅತಿ ಚಿಕ್ಕ ಪಾಠ ಒತ್ತಿ ಮುಗಿಸುವುದು, ಅರ್ಧ ಗಂಟೆ ಕೂರಬಹುದಾಗಿದ್ದ ದಿನವೂ ಲೆಕ್ಕ ಸೇರಿತಲ್ಲ ಎಂದು ಮೂರೇ ನಿಮಿಷಕ್ಕೆ ಏಳುವುದು, ಗಡಿಯಾರದ ವಲಯ ಬದಲಾಗುವ ಪ್ರಯಾಣದಲ್ಲಿ ಕೂತಿದ್ದರೂ ಲೆಕ್ಕ ತುಂಡಾಗುವುದು. ತುಂಡಾದ ಮೇಲೆ ‘ಹೇಗೂ ಹೋಯಿತಲ್ಲ’ ಎಂದು ಪೂರ್ತಿ ಬಿಟ್ಟುಬಿಡುವವರು ಬಹಳ. ಸೆಟ್ಟಿಂಗ್‌ನಲ್ಲಿ ಸ್ಟ್ರೀಕ್ ಮರೆಮಾಡಲು ಅವಕಾಶವಿದ್ದರೆ ಮರೆಮಾಡಿ. ಇಲ್ಲದಿದ್ದರೆ ಧ್ಯಾನದ ಆ್ಯಪನ್ನೇ ಬದಿಗಿಟ್ಟು ಫೋನಿನ ಗಡಿಯಾರದ ಟೈಮರ್ ಬಳಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಕೂತ ದಿನಕ್ಕೆ ಒಂದು ಗೀಟು ಹಾಕಿ, ತಿಂಗಳ ಕೊನೆಗೆ ಎಣಿಸಿದರೆ ಸಾಕು: 30ರಲ್ಲಿ 22. ಒಂದು ದಿನ ತಪ್ಪಿದರೆ ಈ ಲೆಕ್ಕದಲ್ಲಿ ಒಂದೇ ಕಳೆಯುತ್ತದೆ, ಸೊನ್ನೆಯಾಗುವುದಿಲ್ಲ. ಎಷ್ಟು ಹೊತ್ತು ಕೂರಬೇಕೆಂಬುದನ್ನು ಕೂರುವ ಮೊದಲೇ ಬರೆದಿಡಬೇಕು. ಎದ್ದ ಮೇಲೆ ಬರೆದರೆ ಮನಸ್ಸು ರಿಯಾಯಿತಿ ಕೊಟ್ಟುಕೊಳ್ಳುತ್ತದೆ.

ಎಣಿಕೆ ಹೊಸದೇನಲ್ಲ. ಜಪಮಾಲೆಯಲ್ಲಿ 108 ಮಣಿ, ಮುಸ್ಲಿಮರ ತಸ್ಬೀಹ್‌ನಲ್ಲಿ 33 ಅಥವಾ 99, ಕ್ಯಾಥೊಲಿಕ್ ರೋಸರಿಯಲ್ಲಿ 59. ಆದರೆ ಮಾಲೆಯನ್ನು ಬೆರಳು ಎಣಿಸುತ್ತದೆ, ಕಣ್ಣು ತೆರೆಯಬೇಕಿಲ್ಲ. ಸುತ್ತು ಮುಗಿದದ್ದು ದೊಡ್ಡ ಮಣಿ ಮುಟ್ಟಿದಾಗ ತಿಳಿಯುತ್ತದೆ. ನಿನ್ನೆ ಎಷ್ಟಾಗಿತ್ತು, ಬೇರೆಯವರದು ಎಷ್ಟಾಯಿತು ಎಂಬುದು ಮಾಲೆಗೆ ಗೊತ್ತಿಲ್ಲ. ಪರದೆಯ ಜಪ ಎಣಿಕೆಗೆ ಇವು ಮೂರೂ ತಿರುವುಮುರುವು. ಜೊತೆಗೆ ಪರದೆ ಆರಿಹೋಗುವುದು, ಬೆರಳು ಒದ್ದೆಯಾಗಿದ್ದರೆ ಒತ್ತಿದ್ದು ತಗುಲದಿರುವುದು, ಒಂದೇ ಸಲ ಎರಡು ಏರುವುದು ಬೇರೆ. ಮಾಲೆ ಹಿಡಿಯಲಾಗದ ಕಡೆ ಬೆರಳಿಗೆ ಹಾಕುವ ಗುಂಡಿಯ ಕೌಂಟರ್ ವಾಸಿ, ಅದಕ್ಕೆ ಇಂಟರ್ನೆಟ್ ಬೇಡ.

ಅಳತೆಯನ್ನು ಚೆನ್ನಾಗಿ ಬಳಸಿದ ಉದಾಹರಣೆಯೂ ಇದೆ, ಹೇಳದಿದ್ದರೆ ಪಕ್ಷಪಾತವಾದೀತು. 2010ರಲ್ಲಿ ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ಜನರ ಫೋನಿಗೆ ಅನಿರೀಕ್ಷಿತ ಹೊತ್ತಿನಲ್ಲಿ ಪ್ರಶ್ನೆ ಕಳಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೆ, ಹೇಗನಿಸುತ್ತಿದೆ? ಉತ್ತರಗಳಲ್ಲಿ 46.9 ಶೇಕಡಾದಷ್ಟು ಸಲ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲಿಲ್ಲ. ಇಲ್ಲಿ ಫೋನು ಅಂಕ ಕೊಡಲಿಲ್ಲ. ಕೇಳಿತು, ಉತ್ತರ ಮನುಷ್ಯನದು. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರ ತನಕದ ಹೊತ್ತನ್ನು ಎರಡೆರಡು ಗಂಟೆಯ ಆರು ಭಾಗ ಮಾಡಿ. ದಾಳ ಒಮ್ಮೆ ಉರುಳಿಸಿದರೆ ಯಾವ ಭಾಗ ಎಂದು ತಿಳಿಯುತ್ತದೆ. ಇನ್ನೊಮ್ಮೆ ಉರುಳಿಸಿ, ಬಿದ್ದ ಸಂಖ್ಯೆಯಲ್ಲಿ ಒಂದು ಕಳೆದು 20ರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ. 3 ಮತ್ತು 4 ಬಿದ್ದರೆ ಮೂರನೆಯ ಭಾಗವಾದ 12 ಗಂಟೆಯ ಮೇಲೆ 60 ನಿಮಿಷ, ಅಂದರೆ ಮಧ್ಯಾಹ್ನ 1. ದಿನಕ್ಕೆ ಇಂಥ ಮೂರು ಅಲಾರಂ, ಕಂಪನ ಮಾತ್ರ, ಸದ್ದು ಬೇಡ. ನೀವೇ ಇಟ್ಟುಕೊಂಡರೆ ಹೊತ್ತು ನೆನಪಿದ್ದು ಅದಕ್ಕೆ ತಯಾರಾಗಿಬಿಡುತ್ತೀರಿ, ಆದ್ದರಿಂದ ಮನೆಯವರ ಕೈಲಿ ಇಡಿಸಿ. ಅಲಾರಂ ಬಂದಾಗ ಒಂದೇ ಸಾಲು ಬರೆಯಿರಿ. ಎರಡು ವಾರ ಸಾಕು. ಅದಕ್ಕಿಂತ ಹೆಚ್ಚಾದರೆ ಉತ್ತರಗಳು ಯಾಂತ್ರಿಕವಾಗುತ್ತವೆ.

ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿ ‘ದೇಹಾತೀತ ಅನುಭವ’ ಕೊಡಿಸುತ್ತೇವೆ ಎನ್ನುವವರ ಬಗ್ಗೆ ಒಂದು ಮಾತು. ಅಂಥ ಅನುಭವ ಬರುವುದು ಸುಳ್ಳಲ್ಲ. 2007ರಲ್ಲಿ ಸ್ವೀಡನ್ನಿನ ಹೆನ್ರಿಕ್ ಎರ್ಸನ್ ತೋರಿಸಿದ ಪ್ರಯೋಗದಲ್ಲಿ, ಕೂತವರಿಗೆ ಸುಮಾರು ಎರಡು ಮೀಟರ್ ಹಿಂದೆ ಕ್ಯಾಮೆರಾ ಇಟ್ಟು, ಅವರ ಬೆನ್ನನ್ನೇ ಅವರ ಕಣ್ಣಿಗೆ ತೋರಿಸಲಾಯಿತು. ಒಂದು ಕೋಲಿನಿಂದ ಅವರ ಎದೆ ಸವರುತ್ತ, ಅದೇ ಹೊತ್ತಿಗೆ ಇನ್ನೊಂದು ಕೋಲನ್ನು ಕ್ಯಾಮೆರಾದ ಕೆಳಗೂ ಅದೇ ರೀತಿ ಆಡಿಸಿದಾಗ, ತಾವು ಹಿಂದೆ, ಕ್ಯಾಮೆರಾ ಇರುವ ಜಾಗದಲ್ಲಿ ಕೂತಿದ್ದೇವೆ ಎಂದು ಅವರಿಗೆ ಅನಿಸಿತು. ಎರಡು ಕೋಲುಗಳ ತಾಳ ತಪ್ಪಿಸಿದರೆ ಆ ಭಾವ ಸೊರಗಿತು. ‘ನಾನು ಇಲ್ಲಿದ್ದೇನೆ’ ಎಂಬ ಅರಿವು ಕಣ್ಣು ಮತ್ತು ಸ್ಪರ್ಶದ ಹೊಂದಾಣಿಕೆಯಿಂದ ಕಟ್ಟಿಕೊಂಡದ್ದು ಎಂಬುದಕ್ಕೆ ಇದಕ್ಕಿಂತ ಚೆಂದದ ಪುರಾವೆ ಸಿಗುವುದು ಕಷ್ಟ. ಅದನ್ನು ಹಾಗೆಂದು ಹೇಳಿ ತೋರಿಸಿದರೆ ಒಳ್ಳೆಯ ಪಾಠ; ಸಾಕ್ಷಾತ್ಕಾರ ಎಂದು ಮಾರಿದರೆ ವಂಚನೆ. ತಲೆ ತಿರುಗಿಸಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಾದರೆ ಹಲವರಿಗೆ ಹೊಟ್ಟೆ ತೊಳಸುತ್ತದೆ. ಅದನ್ನು ‘ಶಕ್ತಿಯ ಸಂಚಾರ’ ಎಂದು ತಿಳಿಯಬೇಡಿ.

ಇನ್ನು ಫೀಡ್, ಅಂದರೆ ಆ್ಯಪ್ ತಾನೇ ಆರಿಸಿ ಒಂದರ ಹಿಂದೊಂದು ತೋರಿಸುವ ವಿಡಿಯೊ, ಬರಹಗಳ ಹರಿವು. 2006ರಲ್ಲಿ ವಿನ್ಯಾಸಕ ಏಜಾ ರಾಸ್ಕಿನ್ ರೂಪಿಸಿದ, ಪುಟದ ಕೊನೆಯೇ ಬಾರದಂತೆ ಉರುಳುವ ವಿನ್ಯಾಸ, 2009ರ ಫೇಸ್‌ಬುಕ್ ಲೈಕ್ ಗುಂಡಿ, ಎಷ್ಟು ಸಲ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ 2012ರಲ್ಲಿ ಯೂಟ್ಯೂಬ್ ಕೊಟ್ಟ ಆದ್ಯತೆ, ಇವು ಮೂರೂ ಸೇರಿ ಇವತ್ತಿನ ಫೀಡ್ ಆಗಿದೆ. ಇಲ್ಲಿ ಬಳಕೆದಾರ ಎಂದರೆ ಕೆಲವು ನೂರು ಸಂಖ್ಯೆಗಳ ಒಂದು ಸಾಲು. ಯಾವುದನ್ನು ಪೂರ್ತಿ ನೋಡಿದಿರಿ, ಎಲ್ಲಿ ಬೆರಳು ನಿಂತಿತು, ಯಾವುದನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡಿದಿರಿ ಎಂಬುದರಿಂದ ಆ ಸಂಖ್ಯೆಗಳು ಬದಲಾಗುತ್ತ ಹೋಗುತ್ತವೆ. ನಿಮ್ಮ ಸಾಲಿಗೆ ಹತ್ತಿರವಿರುವ ಸಾಲಿನವರು ನೋಡಿದ್ದು ನಿಮಗೂ ಬರುತ್ತದೆ. ಭಜನೆ ಕೇಳಲು ಹೋದವರಿಗೆ ಒಂದು ವಾರದಲ್ಲಿ ಪವಾಡದ ವಿಡಿಯೊ, ಎರಡನೇ ವಾರದಲ್ಲಿ ಇನ್ನೊಂದು ಮತದವರ ಮೇಲೆ ಸಿಟ್ಟು ಬರಿಸುವ ವಿಡಿಯೊ ಬರುವುದು ಯಾರದೋ ಪಿತೂರಿಯಿಂದಲೇ ಆಗಬೇಕಿಲ್ಲ. ಸಿಟ್ಟು ಬಂದವರು ಪೂರ್ತಿ ನೋಡುತ್ತಾರೆ, ಅಷ್ಟೇ. ಹೀಗೆ ಬಂದದ್ದನ್ನು ಮೂರು ತಿಂಗಳು ನೋಡಿದವರು ‘ನನ್ನ ಧರ್ಮ ಇದು’ ಎಂದಾಗ, ಆ ‘ನನ್ನ’ ಎಂಬುದರಲ್ಲಿ ಎಷ್ಟು ಪಾಲು ಅವರದು?

ಫೀಡ್ ನಮ್ಮನ್ನು ಎಷ್ಟು ಓದಬಲ್ಲದು ಎಂಬುದಕ್ಕೆ ಒಂದು ಅಂದಾಜು 2013ರ ಅಧ್ಯಯನದಲ್ಲಿ ಸಿಕ್ಕಿತು. ಮಿಹಾಲ್ ಕೊಸಿನ್ಸ್ಕಿ ಮತ್ತು ಸಂಗಡಿಗರು 58,000ಕ್ಕೂ ಹೆಚ್ಚು ಸ್ವಯಂಸೇವಕರ ಫೇಸ್‌ಬುಕ್ ಲೈಕುಗಳನ್ನು ಮಾತ್ರ ನೋಡಿ ಕ್ರೈಸ್ತರು ಯಾರು, ಮುಸ್ಲಿಮರು ಯಾರು ಎಂಬುದನ್ನು ನೂರಕ್ಕೆ 82 ಸಲ ಸರಿಯಾಗಿ ಬೇರ್ಪಡಿಸಿದರು. ಪ್ರಾರ್ಥನೆಯ ಆ್ಯಪ್ ಬಳಸುವವರಲ್ಲಂತೂ ಊಹಿಸುವ ಅಗತ್ಯವೂ ಇಲ್ಲ. 2020ರಲ್ಲಿ ನಮಾಜಿನ ವೇಳೆ ತಿಳಿಸುವ ಒಂದು ಜನಪ್ರಿಯ ಆ್ಯಪ್‌ನ ಬಳಕೆದಾರರು ಎಲ್ಲೆಲ್ಲಿ ಓಡಾಡಿದರೆಂಬ ಮಾಹಿತಿ ದಲ್ಲಾಳಿಗಳ ಕೈಸೇರುತ್ತಿತ್ತು ಎಂಬುದು ಬಯಲಾಯಿತು. ಪೂಜೆ, ಪ್ರಾರ್ಥನೆಯ ಯಾವುದೇ ಆ್ಯಪ್‌ಗೆ ಸ್ಥಳದ ಅನುಮತಿ ಕೊಡುವ ಮೊದಲು ಊರಿನ ಹೆಸರನ್ನು ಕೈಯಾರೆ ತುಂಬಲು ಬರುತ್ತದೆಯೇ ನೋಡಿ. ಸೂರ್ಯೋದಯ, ದಿಕ್ಕು, ವೇಳೆ ಲೆಕ್ಕ ಹಾಕಲು ಅಷ್ಟೇ ಸಾಕು. ಸಂಪರ್ಕ ಪಟ್ಟಿ, ಮೈಕ್ ಕೇಳಿದರೆ ಆ್ಯಪ್ ತೆಗೆದುಹಾಕಿ.

ಮಾಡಬೇಕಾದ್ದು ಫೀಡ್ ಮತ್ತು ಅದರಲ್ಲಿ ಬರುವ ವಸ್ತುವನ್ನು ಬೇರೆ ಮಾಡುವುದು. ಬೇಕಾದ ಪಠಣ, ಪ್ರವಚನವನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ಸಾದಾ ಆಡಿಯೊ ಪ್ಲೇಯರಿನಲ್ಲಿ ಕೇಳಿದರೆ ಅದು ಮುಗಿದಾಗ ಮುಗಿಯುತ್ತದೆ, ಮುಂದಿನದು ತಾನೇ ಶುರುವಾಗುವುದಿಲ್ಲ. ಯೂಟ್ಯೂಬಿನಲ್ಲೇ ಕೇಳುವವರು ಆಟೊಪ್ಲೇ ಆರಿಸಿ, ವೀಕ್ಷಣೆಯ ಇತಿಹಾಸ ಅಳಿಸಿ, ಮುಂದೆ ದಾಖಲಾಗದಂತೆ ನಿಲ್ಲಿಸಿದರೆ ಮುಖಪುಟ ಖಾಲಿಯಾಗಿ, ಹುಡುಕುವ ಜಾಗ ಮಾತ್ರ ಉಳಿಯುತ್ತದೆ. ಬರೀ ನಿಲ್ಲಿಸಿ ಹಳೆಯದನ್ನು ಅಳಿಸದಿದ್ದರೆ ಹಳೆಯ ಶಿಫಾರಸುಗಳು ಬರುತ್ತಲೇ ಇರುತ್ತವೆ. ಬಹಳ ಜನ ಎಡವುವುದು ಇಲ್ಲಿ.

ಕೂರುವಾಗ ಫೋನನ್ನು ಹೇಗಿಡಬೇಕು? ಬೇರೆ ಕೋಣೆಯಲ್ಲಿ ಇಡುವುದೇ ಉತ್ತಮ. ಗಂಟೆಗಾಗಿ ಅದೇ ಬೇಕೆಂದರೆ, ಏರೋಪ್ಲೇನ್ ಮೋಡ್ ಒಂದೇ ಸಾಲದು. ಅದು ಹೊರಗಿನ ಸಂಪರ್ಕ ಕಡಿಯುತ್ತದೆ. ಆ್ಯಪ್‌ಗಳು ಫೋನಿನೊಳಗೇ ಮೊದಲೇ ನಿಗದಿ ಮಾಡಿಟ್ಟ ಜ್ಞಾಪನೆಗಳು ಆಗಲೂ ಠಣ್ಣೆನ್ನುತ್ತವೆ. ಡು ನಾಟ್ ಡಿಸ್ಟರ್ಬ್ ಹಾಕಿದರೆ ಅವು ನಿಲ್ಲುತ್ತವೆ. ಮನೆಯಲ್ಲಿ ಕಾಯಿಲೆಯವರಿದ್ದು ಕರೆ ತಪ್ಪಬಾರದು ಎನ್ನುವವರು ಏರೋಪ್ಲೇನ್ ಮೋಡ್ ಬಿಟ್ಟು ಡು ನಾಟ್ ಡಿಸ್ಟರ್ಬ್ ಒಂದನ್ನೇ ಹಾಕಿ, ಮರುಕರೆಗೆ ಅವಕಾಶ ಕೊಡುವ ಆಯ್ಕೆ ಆನ್ ಇಡಲಿ. ಐಫೋನಿನಲ್ಲಿ ಒಬ್ಬರೇ ಮೂರು ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಎರಡನೇ ಸಲ ಕರೆದರೆ ಗಂಟೆ ಬಾರಿಸುತ್ತದೆ. ಫೋನು ಮುಖ ಕೆಳಗಾಗಿ, ಕೈಗೆ ಎಟುಕದಷ್ಟು ದೂರದಲ್ಲಿರಲಿ. ದಿನದ ಉಳಿದ ಹೊತ್ತಿಗೆ ನೋಟಿಫಿಕೇಷನ್ ಪೂರ್ತಿ ಬಂದ್ ಮಾಡಬೇಡಿ. 2019ರ ಒಂದು ಅಧ್ಯಯನದಲ್ಲಿ ನೋಟಿಫಿಕೇಷನ್‌ಗಳನ್ನು ಕಟ್ಟು ಕಟ್ಟಿ ದಿನಕ್ಕೆ ಮೂರು ಸಲ ಪಡೆದವರಿಗೆ ಗಮನ ಮತ್ತು ಮನಸ್ಥಿತಿ ಸುಧಾರಿಸಿತು. ಪೂರ್ತಿ ನಿಲ್ಲಿಸಿದವರಿಗೆ ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ ಹೆಚ್ಚಾಯಿತು. ಪರದೆಯನ್ನು ಕಪ್ಪು ಬಿಳುಪು ಮಾಡಿಕೊಳ್ಳುವ ಸಲಹೆ ಈಗ ಜನಪ್ರಿಯ. ಮಾಡಿ ನೋಡಿ, ನಷ್ಟವಿಲ್ಲ. ದೊಡ್ಡ ಲಾಭ ನಿರೀಕ್ಷಿಸಬೇಡಿ.

ಕೊನೆಯದಾಗಿ ಗುರುವಿನ ದನಿಯಲ್ಲಿ, ದೇವರ ದನಿಯಲ್ಲಿ ಉತ್ತರಿಸುವ ಚಾಟ್‌ಬಾಟ್‌ಗಳು. ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಎಲೈಜಾ, ಕೇಳಿದವರ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿದ್ದ ಪುಟ್ಟ ಪ್ರೋಗ್ರಾಮು. ಅದು ಹಾಗೆಂದು ಗೊತ್ತಿದ್ದವರೂ ಅದರ ಮುಂದೆ ಮನಸ್ಸು ಬಿಚ್ಚಿದರು. ಇಂದಿನವು ಅಗಾಧ ಪಠ್ಯದಿಂದ ಕಲಿತು ಮುಂದಿನ ಪದ ಯಾವುದಿರಬಹುದು ಎಂದು ಆರಿಸುತ್ತ ಹೋಗುತ್ತವೆ, ಆಮೇಲೆ ಜನ ಮೆಚ್ಚುವ ಉತ್ತರದ ಕಡೆಗೆ ಅವನ್ನು ಪಳಗಿಸಿರುತ್ತಾರೆ. ಮೆಚ್ಚಿಸುವುದು ಅತಿಯಾದರೆ ಏನಾಗುತ್ತದೆ ಎಂಬುದು 2025ರ ಏಪ್ರಿಲ್‌ನಲ್ಲಿ ಕಂಡಿತು. ಹೇಳಿದ್ದಕ್ಕೆಲ್ಲ ತಲೆದೂಗುತ್ತಿದೆ ಎಂದು ಓಪನ್‌ಎಐ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನು ವಾಪಸು ಪಡೆಯಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು, 2024ರ ಏಪ್ರಿಲ್‌ನಲ್ಲಿ, ಅಮೆರಿಕದ ಒಂದು ಕ್ಯಾಥೊಲಿಕ್ ಸಂಸ್ಥೆ ಬಿಡುಗಡೆ ಮಾಡಿದ ಪಾದ್ರಿ ಚಾಟ್‌ಬಾಟ್ ತಾನು ನಿಜವಾದ ಪಾದ್ರಿ ಎಂದು ಹೇಳಿಕೊಂಡು, ಕ್ರೀಡಾ ಪಾನೀಯದಲ್ಲಿ ದೀಕ್ಷಾಸ್ನಾನ ಮಾಡಿಸಬಹುದು ಎಂದುಬಿಟ್ಟಿತು. ಕೆಲವೇ ದಿನಗಳಲ್ಲಿ ಅದರ ಪಾದ್ರಿ ವೇಷ ಕಳಚಲಾಯಿತು.

ಸಾಧಕರಿಗೆ ತಲೆದೂಗುವ ಗುರುವಿಗಿಂತ ಅಪಾಯ ಬೇರಿಲ್ಲ. ಪರೀಕ್ಷಿಸುವುದು ಸುಲಭ: ನೆನಪಿನ (ಮೆಮೊರಿ) ಸೌಲಭ್ಯ ಆರಿಸಿ, ಹೊಸ ಮಾತುಕತೆ ತೆರೆದು, ‘ಕೆಲಸ ಬಿಟ್ಟು ಪೂರ್ತಿ ಸಾಧನೆಗೆ ಇಳಿಯಬೇಕೆನಿಸುತ್ತಿದೆ, ಇದು ಒಳಗಿನ ಕರೆ ತಾನೆ?’ ಎಂದು ಕೇಳಿ. ಇನ್ನೊಂದು ಹೊಸ ಮಾತುಕತೆಯಲ್ಲಿ ಕೊನೆಯ ತುಣುಕು ಮಾತ್ರ ಬದಲಿಸಿ, ‘ಇದು ಬರೀ ಪಲಾಯನ ತಾನೆ?’ ಎಂದು ಕೇಳಿ. ಎರಡಕ್ಕೂ ಹೌದೆಂಬ ಧಾಟಿಯ ಉತ್ತರ ಬಂದರೆ ಅದು ನಿಮ್ಮ ಪ್ರಶ್ನೆಯ ಪ್ರತಿಧ್ವನಿ. ನೆನಪು ಆನ್ ಇದ್ದರೆ ಮೊದಲ ಉತ್ತರದ ವಾಸನೆ ಎರಡನೆಯದಕ್ಕೂ ಹತ್ತಿ ಪರೀಕ್ಷೆ ಕೆಡುತ್ತದೆ. ಗ್ರಂಥದ ಮಾತು ಎಂದು ಅಧ್ಯಾಯ, ಶ್ಲೋಕ ಸಂಖ್ಯೆ ಕೊಟ್ಟರೆ ಮುದ್ರಿತ ಪ್ರತಿ ತೆರೆದು ಅದೇ ಸಂಖ್ಯೆಯಲ್ಲಿ ಅದೇ ಮಾತಿದೆಯೇ ನೋಡಿ. ಮಾತು ನಿಜ, ಸಂಖ್ಯೆ ತಪ್ಪು ಎಂಬುದು ಸಾಮಾನ್ಯ. ಎರಡೂ ಸರಿಯಿದ್ದು ಅರ್ಥ ತಿರುಚಿರುವುದು ಹಿಡಿಯಲು ಕಷ್ಟ, ಅದಕ್ಕೆ ಹಿಂದುಮುಂದಿನ ಹತ್ತು ಸಾಲು ಓದಬೇಕು. ಪದದ ಅರ್ಥ ತಿಳಿಯಲು, ಕಠಿಣ ವಾಕ್ಯ ಬಿಡಿಸಲು ಇವು ಒಳ್ಳೆಯ ಸಹಾಯಕರು. ಬದುಕಿನ ತೀರ್ಮಾನಕ್ಕೆ, ಅದರಲ್ಲೂ ನಿದ್ದೆಯಿಲ್ಲದ ರಾತ್ರಿಯಲ್ಲಿ, ಇವನ್ನು ಕೇಳಬಾರದು.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟೆ. ಧ್ಯಾನದ ಆ್ಯಪ್, ಬ್ಯಾಂಡುಗಳ ಪರಿಚಯ ಪ್ರಕಟಿಸುವಾಗ ಬೆಲೆ, ಬ್ಯಾಟರಿ, ಬಣ್ಣದ ಜೊತೆಗೆ ಅದರೊಳಗೆ ಯಾವ ಸಂವೇದಕವಿದೆ, ಅಂಕಕ್ಕೆ ಮೂಲವಾದ ಅಳತೆ ಯಾವುದು, ಬಡಿತ ತಪ್ಪಿದಾಗ ಏನು ಮಾಡುತ್ತದೆ, ಸ್ಟ್ರೀಕ್ ಆರಿಸಲು ಬರುತ್ತದೆಯೇ ಎಂಬುದನ್ನೂ ಕೇಳಿ ಬರೆಯಿಸಿ. ಇನ್ನೊಂದನ್ನು ವಿಮರ್ಶಕರೇ ಸುಲಭವಾಗಿ ನೋಡಬಹುದು: ಫೋನಿನ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಆರಿಸಿ, ಬ್ಲೂಟೂತ್ ಮಾತ್ರ ಇಟ್ಟು, ಹತ್ತು ನಿಮಿಷ ಕೂತೇಳಲಿ. ಆಗಲೂ ಅಂಕ ಬಂದರೆ ಲೆಕ್ಕ ಫೋನಿನಲ್ಲೋ ಬ್ಯಾಂಡಿನಲ್ಲೋ ನಡೆಯುತ್ತಿದೆ ಎಂದರ್ಥ. ಬಾರದಿದ್ದರೆ ಕೂತವರ ಎದೆಬಡಿತ ಕಂಪನಿಯ ಸರ್ವರಿಗೆ ಹೋಗಿ ಬರುತ್ತಿರಬೇಕು. ಅದನ್ನು ಅಲ್ಲಿ ಎಷ್ಟು ಕಾಲ ಇಡುತ್ತೀರಿ ಎಂದು ಕಂಪನಿಯನ್ನು ಕೇಳಿ, ಬಂದ ಉತ್ತರವನ್ನು ಹಾಗೆಯೇ ಅಚ್ಚು ಹಾಕಿ.

ಇಂತಿ,
ಸಂವೇದಕ ಮತ್ತು ತಂತ್ರಾಂಶ ಕ್ಷೇತ್ರದ ಕೆಲವು ಓದುಗರು